ಪರದೆಯ ಮೇಲೆ ಪಾರದರ್ಶಕ, ಕಾಗದದ ಮೇಲೆ ಗಟ್ಟಿ ಬಣ್ಣ: ನಕ್ಷೆಯ ಹ್ಯಾಚ್‌ಗಳನ್ನು ಮುದ್ರಿಸುವ ಸರಿಯಾದ ಕ್ರಮ ಯಾವುದು?

ತೀರ್ಥಹಳ್ಳಿ ನಕ್ಷೆಗಾರ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ತೋಟದ ನಕ್ಷೆಯನ್ನು ಆಟೋಕ್ಯಾಡ್ ಎಂಬ ನಕ್ಷೆ ರಚಿಸುವ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಿದ್ದೇನೆ. ತೋಟ ಸುಮಾರು ನಾಲ್ಕು ಎಕರೆ ಇದೆ. ಮೇಲ್ಭಾಗದಲ್ಲಿ ಸೊಪ್ಪಿನಬೆಟ್ಟವೂ ಕೆಳಗೆ ಕೆರೆಯೂ ಗದ್ದೆಯೂ ಇವೆ. ಮಳೆಗಾಲದ ನೀರು ತೋಟದಲ್ಲಿ ನಿಲ್ಲದಂತೆ ಬಸಿಗಾಲುವೆಗಳನ್ನು ಎಲ್ಲಿ ತೆಗೆಯಬೇಕು ಎಂಬುದನ್ನು ತೋರಿಸುವುದೇ ಈ ನಕ್ಷೆಯ ಉದ್ದೇಶವಾದ್ದರಿಂದ ಕಾಂಟೂರ್ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು), ಸರ್ವೆ ನಂಬರುಗಳು ಮತ್ತು ಪೈಪಿನ ಗೆರೆಗಳು ಅಳಿಸದೆ ಕಾಣಬೇಕು. ತೋಟಕ್ಕೆ ಹಸಿರು, ಕೆರೆಗೆ ನೀಲಿ, ಬೆಟ್ಟಕ್ಕೆ ಕಂದು ಬಣ್ಣವನ್ನು ಸಾಲಿಡ್ ಹ್ಯಾಚ್ ಆಗಿ, ಅಂದರೆ ಗಡಿಯೊಳಗಿನ ಜಾಗವನ್ನೆಲ್ಲ ಆವರಿಸುವಂತೆ ತುಂಬಿ, ಪಾರದರ್ಶಕತೆಯನ್ನು 60ಕ್ಕೆ ಇಟ್ಟಿದ್ದೇನೆ. ಪರದೆಯ ಮೇಲೆ ಎಲ್ಲವೂ ನಾನು ಬಯಸಿದಂತೆಯೇ ಕಾಣುತ್ತದೆ, ಆದರೆ ಪಿಡಿಎಫ್ ಮಾಡಿದ ಕೂಡಲೇ ಬಣ್ಣಗಳು ಗಟ್ಟಿಯಾಗಿ, ಅವುಗಳ ಕೆಳಗಿನ ರೇಖೆಗಳೂ ಅಕ್ಷರಗಳೂ ಮಾಯವಾಗುತ್ತವೆ. ಮುದ್ರಣದಲ್ಲಿಯೂ ಪಾರದರ್ಶಕತೆ ಉಳಿಯಬೇಕಾದರೆ ಏನು ಮಾಡಬೇಕು?

ಸಾಗರದ ಸರ್ವೇಯರ್

ಪ್ಲಾಟ್ (ಮುದ್ರಣ) ಸಂವಾದಪೆಟ್ಟಿಗೆಯ ಕೆಳಗಿನ ಬಲ ಮೂಲೆಯಲ್ಲಿರುವ ಬಾಣದ ಗುರುತನ್ನು ಒತ್ತಿ ಅದನ್ನು ವಿಸ್ತರಿಸಿ, ಅಲ್ಲಿ ಕಾಣುವ "ಪ್ಲಾಟ್ ಟ್ರಾನ್ಸ್‌ಪರೆನ್ಸಿ" ಎಂಬ ಆಯ್ಕೆಗೆ ಗುರುತು ಹಾಕಿರಿ.

ಶಿವಮೊಗ್ಗ ಕ್ಯಾಡ್ ಬೋಧಕ

ಸಾಗರದವರು ಹೇಳಿದ್ದು ಸರಿ. ಆದರೆ ಅದು ಏಕೆ ಬೇಕಾಗುತ್ತದೆ ಎಂಬುದು ತಿಳಿಯದಿದ್ದರೆ ಮುಂದಿನ ನಕ್ಷೆಯಲ್ಲಿ ಇದೇ ಪ್ರಶ್ನೆ ಮತ್ತೆ ಹುಟ್ಟುತ್ತದೆ. ಆಟೋಕ್ಯಾಡ್‌ನಲ್ಲಿ ವಸ್ತುಗಳಿಗೂ ಲೇಯರ್‌ಗಳಿಗೂ (ವಸ್ತುಗಳನ್ನು ವಿಂಗಡಿಸಿಡುವ ಪದರಗಳಿಗೂ) ಪಾರದರ್ಶಕತೆಯ ಗುಣ ಬಂದದ್ದು 2011ರ ಆವೃತ್ತಿಯಲ್ಲಿ. ಅದರ ಮೌಲ್ಯ 0ಯಿಂದ 90ರವರೆಗೆ ಇರುತ್ತದೆ. 0 ಎಂದರೆ ಪೂರ್ತಿ ಗಟ್ಟಿ, 90 ಎಂದರೆ ಬಣ್ಣದ ಛಾಯೆ ಮಾತ್ರ. ವಸ್ತುವಿಗೆ ಅಥವಾ ಅದರ ಲೇಯರ್‌ಗೆ ಮೌಲ್ಯ ಕೊಡುವುದು ಒಂದು ಹಂತ. ಅದನ್ನು ಪರದೆಯ ಮೇಲೆ ತೋರಿಸಬೇಕೇ ಎಂಬುದು ಟ್ರಾನ್ಸ್‌ಪರೆನ್ಸಿಡಿಸ್‌ಪ್ಲೇ ಎಂಬ ಚರಕ್ಕೆ (ತಂತ್ರಾಂಶದ ಒಂದು ಹೊಂದಿಕೆಯ ಮೌಲ್ಯಕ್ಕೆ) ಸೇರಿದ ಎರಡನೆಯ ಹಂತ. ಕಾಗದಕ್ಕೆ ಕಳುಹಿಸಬೇಕೇ ಎಂಬುದು ಪೇಜ್ ಸೆಟಪ್‌ಗೆ (ಹಾಳೆಯ ಮುದ್ರಣದ ಹೊಂದಿಕೆಗಳಿಗೆ) ಸೇರಿದ, ಬೇರೆಯೇ ಆದ ಮೂರನೆಯ ಹಂತ. ಪಾರದರ್ಶಕ ವಸ್ತುಗಳನ್ನು ಮುದ್ರಿಸುವಾಗ ಕೆಲಸ ಬಹಳ ನಿಧಾನವಾಗುವುದರಿಂದ ಈ ಮೂರನೆಯ ಹಂತವನ್ನು ಮೊದಲಿನಿಂದಲೂ ನಿಷ್ಕ್ರಿಯವಾಗಿಯೇ ಇಟ್ಟಿದ್ದಾರೆ. ನಿಮ್ಮ ಪರದೆಯೂ ಪಿಡಿಎಫ್ ಕಡತವೂ ಹೊಂದದಿರುವುದಕ್ಕೆ ಇದೇ ಕಾರಣ.

ಗುರುತು ಹಾಕಿದ ಮೇಲೆ "ಅಪ್ಲೈ ಟು ಲೇಔಟ್" ಒತ್ತುವುದನ್ನು ಮರೆಯಬೇಡಿ. ಒತ್ತದಿದ್ದರೆ ಆ ಗುರುತು ಲೇಔಟ್‌ನಲ್ಲಿ (ಮುದ್ರಣಕ್ಕೆ ಜೋಡಿಸಿದ ಹಾಳೆಯಲ್ಲಿ) ಉಳಿಯುವುದಿಲ್ಲ. ಮುದ್ರಣಕ್ಕೆ ಮೊದಲು ಪ್ರಿವ್ಯೂ ತೆರೆದು ನೋಡಿದರೆ ಕಾಗದ ವ್ಯರ್ಥವಾಗುವುದಿಲ್ಲ.

ತೀರ್ಥಹಳ್ಳಿ ನಕ್ಷೆಗಾರ

ಇಬ್ಬರಿಗೂ ಧನ್ಯವಾದಗಳು. ಒಂದೊಂದೇ ಹಾಳೆಯನ್ನು ಪ್ಲಾಟ್ ಮಾಡಿದರೆ ಈಗ ಸರಿಯಾಗಿ ಬರುತ್ತಿದೆ. ಆದರೆ ಎಲ್ಲ ಹಾಳೆಗಳನ್ನು ಸೇರಿಸಿ ಪಬ್ಲಿಷ್ ಆಜ್ಞೆಯ ಮೂಲಕ ಒಂದೇ ಪಿಡಿಎಫ್ ಮಾಡಿದರೆ ಮೊದಲನೆಯ ಹಾಳೆಯಲ್ಲಿ ಮಾತ್ರ ಪಾರದರ್ಶಕತೆ ಇದ್ದು, ಉಳಿದವುಗಳಲ್ಲಿ ಮತ್ತೆ ಗಟ್ಟಿ ಬಣ್ಣವೇ ಬರುತ್ತಿದೆ.

ಶಿವಮೊಗ್ಗ ಕ್ಯಾಡ್ ಬೋಧಕ

ಪ್ರತಿಯೊಂದು ಲೇಔಟ್‌ಗೂ ತನ್ನದೇ ಪೇಜ್ ಸೆಟಪ್ ಇರುತ್ತದೆ, ಮತ್ತು ಪಬ್ಲಿಷ್ ಆಜ್ಞೆಯು ಅವುಗಳನ್ನು ಒಂದೊಂದಾಗಿ ಓದುತ್ತದೆ. ನೀವು ಮೊದಲನೆಯ ಲೇಔಟ್‌ನಲ್ಲಿ ಮಾತ್ರ ಗುರುತು ಹಾಕಿರಬೇಕು. ಪೇಜ್ ಸೆಟಪ್ ಮ್ಯಾನೇಜರ್‌ನಲ್ಲಿ ಹೆಸರಿಟ್ಟು ಒಂದು ಸೆಟಪ್ ಉಳಿಸಿ, ಪಬ್ಲಿಷ್ ಪಟ್ಟಿಯಲ್ಲಿ ಎಲ್ಲ ಹಾಳೆಗಳಿಗೂ ಅದನ್ನೇ ಆರಿಸಿರಿ.

ಭದ್ರಾವತಿ ಡ್ರಾಫ್ಟ್ಸ್‌ಮನ್

ಅಷ್ಟು ಸುತ್ತು ಬಳಸುವ ಅಗತ್ಯವಿಲ್ಲ. ಆಜ್ಞಾಸಾಲಿನಲ್ಲಿ ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್ ಎಂಬ ಚರದ ಹೆಸರು ಬರೆದು ಅದರ ಮೌಲ್ಯವನ್ನು 2 ಮಾಡಿದರೆ ಪೇಜ್ ಸೆಟಪ್‌ನಲ್ಲಿ ಏನೇ ಇದ್ದರೂ ಪಾರದರ್ಶಕತೆ ಮುದ್ರಣವಾಗುತ್ತದೆ. 1 ಎಂದರೆ ಪೇಜ್ ಸೆಟಪ್ ಹೇಳಿದಂತೆ, 0 ಎಂದರೆ ಎಂದಿಗೂ ಇಲ್ಲ.

ಮುದ್ರಣದಂಗಡಿಯವನು

ದಯವಿಟ್ಟು ಈ ಸಲಹೆಯನ್ನು ಯಾರೂ ಕಣ್ಣುಮುಚ್ಚಿ ಪಾಲಿಸಬಾರದೆಂದು ಕೇಳಿಕೊಳ್ಳುತ್ತೇನೆ. ದೊಡ್ಡ ಹಾಳೆಗಳ ಮುದ್ರಣವೇ ನನ್ನ ಕಸುಬು. ಮೌಲ್ಯವನ್ನು 2 ಮಾಡಿ ಬಿಟ್ಟವರ ಕಡತಗಳು ಬಂದಾಗ ಏನಾಗುತ್ತದೆ ಎಂಬುದನ್ನು ದಿನವೂ ನೋಡುತ್ತಿದ್ದೇನೆ. ಪಾರದರ್ಶಕತೆಯನ್ನು ಮುದ್ರಿಸುವುದೆಂದರೆ ಮೇಲಿನ ಬಣ್ಣವನ್ನೂ ಕೆಳಗಿನ ಬಣ್ಣವನ್ನೂ ಬೆರೆಸಿ ಮೂರನೆಯ ಬಣ್ಣವನ್ನು ಲೆಕ್ಕ ಹಾಕುವುದು. ಪ್ಲಾಟರ್‌ಗಳು (ದೊಡ್ಡ ಹಾಳೆಯ ಮುದ್ರಣಯಂತ್ರಗಳು) ಬಹುಕಾಲದಿಂದ ಬಳಸುವ ಎಚ್‌ಪಿಜಿಎಲ್2 ಭಾಷೆಯಲ್ಲಾಗಲಿ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಾಗಲಿ ಅಂಥ ಅರೆಪಾರದರ್ಶಕ ಬಣ್ಣ ಎಂಬುದೇ ಇಲ್ಲ. ಪಿಡಿಎಫ್‌ಗೆ ಕೂಡ ಅದು ಬಂದದ್ದು 2001ರಲ್ಲಿ, 1.4ನೆಯ ಆವೃತ್ತಿಯೊಂದಿಗೆ. ಆದ್ದರಿಂದ ಆಟೋಕ್ಯಾಡ್ ರೇಖೆಗಳನ್ನು ರೇಖೆಗಳಾಗಿ ಕಳುಹಿಸುವ ಬದಲು ಚುಕ್ಕೆಗಳ ಚಿತ್ರವನ್ನಾಗಿ ಮಾರ್ಪಡಿಸಿ ಕಳುಹಿಸುತ್ತದೆ.

ಇದರ ಪರಿಣಾಮವನ್ನು ಲೆಕ್ಕದಲ್ಲಿಯೇ ನೋಡಿ. ಎ1 ಹಾಳೆ 594 ಮಿಲಿಮೀಟರ್ ಅಗಲ, 841 ಮಿಲಿಮೀಟರ್ ಉದ್ದ. ಇಂಚಿಗೆ 600 ಚುಕ್ಕೆಗಳಂತೆ ಅದನ್ನು ಚಿತ್ರವಾಗಿಸಿದರೆ ಸುಮಾರು 14,000 ಮತ್ತು 19,900ರ ಗುಣಲಬ್ಧ, ಅಂದರೆ 27 ಕೋಟಿಗೂ ಹೆಚ್ಚು ಚುಕ್ಕೆಗಳಾಗುತ್ತವೆ. ಒಂದು ಚುಕ್ಕೆಗೆ ಮೂರು ಬೈಟ್‌ನಂತೆ, ಸಂಕುಚಿತಗೊಳಿಸುವ ಮೊದಲು 800 ಮೆಗಾಬೈಟ್ ದಾಟುತ್ತದೆ. ಕಡತ ಹಿಗ್ಗುತ್ತದೆ, ಯಂತ್ರ ನಡುವೆ ನಿಂತು ಯೋಚಿಸುತ್ತದೆ, ಪಿಡಿಎಫ್‌ನಲ್ಲಿ ಸರ್ವೆ ನಂಬರನ್ನು ಹುಡುಕಿದರೆ ಸಿಗುವುದಿಲ್ಲ. ಚುಕ್ಕೆಗಳ ಸಾಂದ್ರತೆಯನ್ನು ಕಡಿಮೆ ಮಾಡಿದರೆ ಕನ್ನಡದ ಒತ್ತಕ್ಷರಗಳೇ ಮೊದಲು ಹಾಳಾಗುತ್ತವೆ. "ಕ್ಷ"ಕಾರವೂ "ಜ್ಞ"ಕಾರವೂ ಒಂದೇ ಮಸಿಯ ಗುಳ್ಳೆಯಂತೆ ಕಾಣುತ್ತವೆ.

ಭದ್ರಾವತಿ ಡ್ರಾಫ್ಟ್ಸ್‌ಮನ್

ಇಡೀ ಹಾಳೆಯೇ ಚಿತ್ರವಾಗುತ್ತದೆ ಎಂಬುದು ಎಲ್ಲ ಸಂದರ್ಭಗಳಿಗೂ ಅನ್ವಯಿಸುವುದಿಲ್ಲ. ಅದು ಬಳಸುವ ಮುದ್ರಣಯಂತ್ರದ ಚಾಲಕ ತಂತ್ರಾಂಶವನ್ನೂ ಆಟೋಕ್ಯಾಡ್‌ನ ಆವೃತ್ತಿಯನ್ನೂ ಅವಲಂಬಿಸಿದೆ. ಚರದ ಮೌಲ್ಯ 2 ಆಗಿದ್ದರೂ ನಕ್ಷೆಯಲ್ಲಿ ಪಾರದರ್ಶಕ ವಸ್ತುಗಳೇ ಇಲ್ಲದಿದ್ದರೆ ತೊಂದರೆಯೂ ಇಲ್ಲ.

ಮುದ್ರಣದಂಗಡಿಯವನು

ಪಾರದರ್ಶಕ ವಸ್ತುಗಳು ಇಲ್ಲವೆಂದು ಹೇಳುವವರು ಯಾರು? ಬೇರೆಯವರ ನಕ್ಷೆಯಿಂದ ನಕಲಿಸಿದ ಮರದ ಚಿಹ್ನೆಯ ಒಂದು ಬ್ಲಾಕ್‌ನಲ್ಲಿ (ಒಟ್ಟುಗೂಡಿಸಿದ ವಸ್ತುಗಳ ಗುಂಪಿನಲ್ಲಿ) ಪಾರದರ್ಶಕ ಹಸಿರು ಇದ್ದರೂ ಸಾಕು. ಪೇಜ್ ಸೆಟಪ್‌ನಲ್ಲಿ ಹಾಳೆಹಾಳೆಗೆ ನಿರ್ಧರಿಸುವ ಬೋಧಕರ ಕ್ರಮವೇ ಒಳ್ಳೆಯದೆಂಬ ನನ್ನ ಅಭಿಪ್ರಾಯವನ್ನು ಬದಲಿಸಲಾರೆ.

ಸಾಗರದ ಸರ್ವೇಯರ್

ಎ1 ಹಾಳೆಯನ್ನು ಏಕೆ ಲೆಕ್ಕಕ್ಕೆ ಹಿಡಿಯಬೇಕು? ನಾಲ್ಕು ಎಕರೆ ಎಂದರೆ 160 ಗುಂಟೆ, ಸುಮಾರು 16,200 ಚದರ ಮೀಟರ್. ಚೌಕವೆಂದು ಭಾವಿಸಿದರೆ ಒಂದು ಬದಿ 127 ಮೀಟರ್. 1:500ರ ಪ್ರಮಾಣದಲ್ಲಿ ಅದು ಕಾಗದದ ಮೇಲೆ 25 ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಕಣಿವೆಯ ತೋಟಗಳು ಉದ್ದವಾಗಿರುತ್ತವೆ ಎಂಬುದನ್ನು ಗಮನಿಸಿದರೂ ಎ3 ಹಾಳೆ ಸಾಕಾಗುತ್ತದೆ, ಮತ್ತು ಎ3ರಲ್ಲಿ ಚುಕ್ಕೆಗಳ ಸಂಖ್ಯೆ ಎ1ರ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಳೆಯ ಅಳತೆಯನ್ನು ಸರಿಯಾಗಿ ಆರಿಸಿದರೆ ನೀವು ಹೇಳುವ ಭಾರ ಬಹುಪಾಲು ಕಡಿಮೆಯಾಗುತ್ತದೆ.

ಶಿಕಾರಿಪುರ ಸಿವಿಲ್

ಈ ಚರ್ಚೆಯಲ್ಲಿ ಯಾರೂ ಮೂಲ ಪ್ರಶ್ನೆಯನ್ನು ಕೇಳುತ್ತಿಲ್ಲ. ನಕ್ಷೆಗಾರರಿಗೆ ನಿಜವಾಗಿ ಪಾರದರ್ಶಕತೆ ಬೇಕೇ, ಅಥವಾ ಬಣ್ಣದ ಮೇಲೆ ರೇಖೆಗಳು ಕಂಡರೆ ಸಾಕೇ? ಅವರ ಹ್ಯಾಚ್‌ಗಳನ್ನು ಕಾಂಟೂರ್‌ಗಳ ನಂತರ ರಚಿಸಲಾಗಿದೆ, ಆದ್ದರಿಂದ ಅವು ರೇಖೆಗಳ ಮೇಲೆ ಕುಳಿತಿವೆ. ಹ್ಯಾಚ್‌ಟುಬ್ಯಾಕ್ ಎಂಬ ಆಜ್ಞೆ ಎಲ್ಲ ಹ್ಯಾಚ್‌ಗಳನ್ನೂ ಒಂದೇ ಬಾರಿಗೆ ಹಿಂದಕ್ಕೆ ಕಳುಹಿಸುತ್ತದೆ. ಟೆಕ್ಸ್ಟ್‌ಟುಫ್ರಂಟ್ ಅಕ್ಷರಗಳನ್ನು ಮುಂದಕ್ಕೆ ತರುತ್ತದೆ. ಬಳಿಕ ಬಣ್ಣ ತಿಳಿಯಾಗಬೇಕಾದರೆ ಸಿಟಿಬಿ ಪ್ಲಾಟ್ ಸ್ಟೈಲ್‌ನಲ್ಲಿ (ಯಾವ ಬಣ್ಣ ಹೇಗೆ ಮುದ್ರಣವಾಗಬೇಕೆಂದು ಹೇಳುವ ಕಡತದಲ್ಲಿ) ಆ ಬಣ್ಣದ ಸ್ಕ್ರೀನಿಂಗ್ ಮೌಲ್ಯವನ್ನು 100ರಿಂದ 30ಕ್ಕೆ ಇಳಿಸಿದರೆ ಆಯಿತು. ಶಾಯಿಯ ಪ್ರಮಾಣ ಕಡಿಮೆಯಾಗುತ್ತದೆ, ರೇಖೆಗಳು ರೇಖೆಗಳಾಗಿಯೇ ಉಳಿಯುತ್ತವೆ, ಕಡತ ಹಗುರವಾಗಿರುತ್ತದೆ.

ಶಿವಮೊಗ್ಗ ಕ್ಯಾಡ್ ಬೋಧಕ

ಒಳ್ಳೆಯ ಸಲಹೆ, ಆದರೆ ವಿದ್ಯಾರ್ಥಿಗಳು ಪದೇ ಪದೇ ಗೊಂದಲ ಮಾಡಿಕೊಳ್ಳುವ ಜಾಗವೂ ಇದೇ ಆದ್ದರಿಂದ ಸ್ಪಷ್ಟಪಡಿಸುತ್ತೇನೆ. ಸ್ಕ್ರೀನಿಂಗ್ ಬಣ್ಣವನ್ನು ತಿಳಿಗೊಳಿಸುತ್ತದೆಯೇ ಹೊರತು ಪಾರದರ್ಶಕಗೊಳಿಸುವುದಿಲ್ಲ. ಶೇಕಡಾ 30ರ ತಿಳಿ ಹಸಿರು ಕೂಡ ರೇಖೆಯ ಮೇಲಿದ್ದರೆ ರೇಖೆಯನ್ನು ಪೂರ್ತಿಯಾಗಿ ಮುಚ್ಚುತ್ತದೆ. ಹ್ಯಾಚ್ ಹಿಂದೆ ಇದ್ದಾಗ ಮಾತ್ರ ಈ ಉಪಾಯ ಫಲಿಸುತ್ತದೆ. ಇನ್ನೆರಡು ಎಚ್ಚರಿಕೆಗಳಿವೆ. ಪ್ಲಾಟ್ ಸ್ಟೈಲ್‌ನಲ್ಲಿ ಡಿದರಿಂಗ್ (ಚುಕ್ಕೆಗಳನ್ನು ಬೆರೆಸಿ ಛಾಯೆ ಮೂಡಿಸುವ ಆಯ್ಕೆ) ಸಕ್ರಿಯವಾಗಿರಬೇಕು. ಹ್ಯಾಚ್‌ಗೆ 1ರಿಂದ 255ರವರೆಗಿನ ಸೂಚ್ಯಂಕದ ಬಣ್ಣವನ್ನೇ ಕೊಟ್ಟಿರಬೇಕು. ಕೆಂಪು, ಹಸಿರು, ನೀಲಿ ಮೌಲ್ಯಗಳಲ್ಲಿ ಕೊಟ್ಟ ಟ್ರೂ ಕಲರ್ ಸಿಟಿಬಿಯ ಹಿಡಿತಕ್ಕೆ ಸಿಗುವುದಿಲ್ಲ.

ಭದ್ರಾವತಿ ಡ್ರಾಫ್ಟ್ಸ್‌ಮನ್

ಹಿಂದಕ್ಕೆ ಕಳುಹಿಸುವ ಉಪಾಯಕ್ಕೂ ಒಂದು ಮಿತಿಯಿದೆ. ಹ್ಯಾಚ್ ಒಂದು ಬ್ಲಾಕ್‌ನ ಅಥವಾ ಎಕ್ಸ್‌ರೆಫ್‌ನ (ಹೊರಗಿನಿಂದ ಜೋಡಿಸಿದ ನಕ್ಷೆಯ) ಒಳಗಿದ್ದರೆ ಅದನ್ನು ಮಾತ್ರ ಹೊರಗಿನ ರೇಖೆಯ ಹಿಂದೆ ಸರಿಸಲಾಗದು. ಬ್ಲಾಕ್ ಇಡಿಯಾಗಿ ಹಿಂದೆ ಹೋಗುತ್ತದೆ, ಅದರೊಳಗಿನ ಕ್ರಮವನ್ನು ಬ್ಲಾಕ್ ಎಡಿಟರ್‌ನಲ್ಲಿಯೇ ಬದಲಿಸಬೇಕು.

ಹೊಸನಗರದ ತೋಟಿಗ

ನಾನು ನಕ್ಷೆ ಬರೆಯುವವನಲ್ಲ, ನಕ್ಷೆಯನ್ನು ಕೈಯಲ್ಲಿ ಹಿಡಿದು ತೋಟಕ್ಕೆ ಇಳಿಯುವವನು. ನನ್ನ ಕಡೆಯಿಂದ ಎರಡು ಮಾತು ಹೇಳಲು ಬಯಸುತ್ತೇನೆ. ಮೊದಲನೆಯದಾಗಿ, ಇಂಕ್‌ಜೆಟ್‌ನಲ್ಲಿ ಗಟ್ಟಿಯಾಗಿ ತುಂಬಿದ ಹಸಿರು ಹಾಳೆಯನ್ನು ಮಳೆಗಾಲದಲ್ಲಿ ಮನೆಯೊಳಗೆ ಇಟ್ಟರೂ ಅದು ತಂಡಿ ಹಿಡಿದು ಸುಕ್ಕುಗಟ್ಟುತ್ತದೆ, ಒದ್ದೆ ಬೆರಳು ತಾಗಿದರೆ ಬಣ್ಣ ಬಿಡುತ್ತದೆ. ತಿಳಿ ಬಣ್ಣ ಬಳಸಿದರೆ ಕಾಗದ ಹೆಚ್ಚು ಕಾಲ ಬಾಳುತ್ತದೆ. ಎರಡನೆಯದಾಗಿ, ನಾವು ಈ ನಕ್ಷೆಯನ್ನು ಕಾಲುವೆ ತೆಗೆಯುವವರಿಗೂ ಪಕ್ಕದ ತೋಟದವರಿಗೂ ಕಪ್ಪು-ಬಿಳುಪು ಜೆರಾಕ್ಸ್ ಮಾಡಿ ಕೊಡುತ್ತೇವೆ. ಆ ಪ್ರತಿಯಲ್ಲಿ ನಿಮ್ಮ ಹಸಿರೂ ಕಂದೂ ಒಂದೇ ಬೂದು ಬಣ್ಣವಾಗಿ, ತೋಟ ಎಲ್ಲಿ ಮುಗಿಯುತ್ತದೆ, ಬೆಟ್ಟ ಎಲ್ಲಿ ಆರಂಭವಾಗುತ್ತದೆ ಎಂಬುದೇ ತಿಳಿಯುವುದಿಲ್ಲ. ಬಣ್ಣ ಎಷ್ಟು ಪಾರದರ್ಶಕವಾಗಿದ್ದರೂ ಗಡಿರೇಖೆ ದಪ್ಪವಾಗಿರಲಿ, ಹೆಸರನ್ನು ಅಕ್ಷರದಲ್ಲಿ ಬರೆದಿರಲಿ.

ತೀರ್ಥಹಳ್ಳಿ ನಕ್ಷೆಗಾರ

ಹೊಸನಗರದವರ ಮಾತು ನನಗೆ ಬಹಳ ಮುಖ್ಯವೆನಿಸಿತು. ತೋಟದ ಮಾಲೀಕರೂ ಜೆರಾಕ್ಸ್ ಪ್ರತಿಗಳನ್ನೇ ಹಂಚುವವರಿದ್ದಾರೆ.

ಮುದ್ರಣದಂಗಡಿಯವನು

ಹಳೆಯ ಆವೃತ್ತಿಗಳನ್ನು ಬಳಸುವವರಿಗೆ ಇನ್ನೊಂದು ದಾರಿಯನ್ನು ತಿಳಿಸುತ್ತೇನೆ. ಪ್ಲಾಟರ್‌ನ ಹೊಂದಿಕೆಗಳಿರುವ ಪಿಸಿ3 ಕಡತದ ಗ್ರಾಫಿಕ್ಸ್ ವಿಭಾಗದಲ್ಲಿ ಮರ್ಜ್ ಕಂಟ್ರೋಲ್ ಎಂಬ ಆಯ್ಕೆ ಇರುತ್ತದೆ. ಅದರಲ್ಲಿ "ಲೈನ್ಸ್ ಓವರ್‌ರೈಟ್" ಇದ್ದರೆ ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ, "ಲೈನ್ಸ್ ಮರ್ಜ್" ಇದ್ದರೆ ಎರಡೂ ಬೆರೆಯುತ್ತವೆ. ತಿಳಿ ಹಸಿರಿನ ಕೆಳಗಿರುವ ಕಪ್ಪು ರೇಖೆ ಆಗ ಕಪ್ಪಾಗಿಯೇ ಕಾಣುತ್ತದೆ. ಸ್ಕ್ರೀನಿಂಗ್‌ನೊಂದಿಗೆ ಇದನ್ನು ಸೇರಿಸಿದರೆ ಪಾರದರ್ಶಕತೆಗೆ ಬಹಳ ಹತ್ತಿರದ ಫಲಿತಾಂಶ ದೊರೆಯುತ್ತದೆ.

ಶಿಕಾರಿಪುರ ಸಿವಿಲ್

ಆದರೆ ಲೈನ್ಸ್ ಮರ್ಜ್ ಇಟ್ಟರೆ ವೈಪ್‌ಔಟ್‌ಗಳು (ಕೆಳಗಿನದನ್ನು ಮುಚ್ಚುವ ಖಾಲಿ ತೇಪೆಗಳು) ಏನನ್ನೂ ಮರೆಮಾಡುವುದಿಲ್ಲ. ಅಕ್ಷರಗಳ ಹಿಂದೆ ಬಿಳಿ ಜಾಗಕ್ಕಾಗಿ ವೈಪ್‌ಔಟ್ ಬಳಸಿದವರ ನಕ್ಷೆಯಲ್ಲಿ ಕಾಂಟೂರ್‌ಗಳು ಅಕ್ಷರದ ನಡುವೆಯೇ ಹಾದುಹೋಗುತ್ತವೆ. ಇದನ್ನು ತಿಳಿದೇ ಬಳಸಬೇಕು.

ಜಂಬಿಟ್ಟಿಗೆ ಮನೆ

ಮನೆಗಳ ನಕ್ಷೆ ಮಾಡುವ ನಮಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ನಕ್ಷೆಗಳಿಗೆ ಬಣ್ಣದ ಕ್ರಮ ಇದೆ: ಹೊಸದಾಗಿ ಕಟ್ಟುವ ಭಾಗವನ್ನು ಕೆಂಪಿನಿಂದ ತುಂಬಬೇಕು, ಕೆಡವುವ ಭಾಗವನ್ನು ಹಳದಿ ಗೆರೆಗಳಿಂದ ತೋರಿಸಬೇಕು. ಮಲೆನಾಡಿನ ಹಳೆಯ ಅಂಕಣದ ಮನೆಗೆ ಹಿಂಬದಿಯಲ್ಲಿ ಹೊಸ ಕೋಣೆ ಸೇರಿಸುವಾಗ ಹಳೆಯ ಜಂಬಿಟ್ಟಿಗೆ ಗೋಡೆ, ಹೊಸ ಗೋಡೆ, ಕೆಡವುವ ಗೋಡೆ ಮೂರೂ ಒಂದೇ ಮೂಲೆಯಲ್ಲಿ ಸೇರುತ್ತವೆ. ಅಲ್ಲಿ ಕೆಂಪು ಗಟ್ಟಿಯಾಗಿ ಬಂದರೆ ಅಳತೆಯ ಅಂಕಿಗಳು ಮುಚ್ಚಿಹೋಗುತ್ತವೆ. ನಾವು ಕೆಂಪನ್ನು ಹಿಂದಕ್ಕೆ ಕಳುಹಿಸಿ, ಅಂಕಿಗಳನ್ನು ಗೋಡೆಯ ಹೊರಗೆ ಬರೆಯುತ್ತೇವೆ. ಪಾರದರ್ಶಕತೆಯನ್ನು ಬಳಸಿದರೆ ಕೆಂಪು ಗುಲಾಬಿಯಂತೆ ಕಂಡು, ಪರಿಶೀಲಿಸುವವರು ಇದು ಯಾವ ಬಣ್ಣವೆಂದು ಕೇಳುವ ಸಾಧ್ಯತೆ ಇರುತ್ತದೆ.

ಸೊರಬದ ಕಾನು

ಹಿಂದಕ್ಕೆ ಕಳುಹಿಸಿದರೆ ಎಲ್ಲವೂ ಬಗೆಹರಿಯುತ್ತದೆ ಎಂದು ಹೇಳುವವರಿಗೆ ನನ್ನದೊಂದು ಪ್ರಶ್ನೆ. ಎರಡು ಬಣ್ಣದ ಜಾಗಗಳೇ ಒಂದರ ಮೇಲೊಂದು ಬಂದರೆ ಏನು ಮಾಡುತ್ತೀರಿ? ನಮ್ಮ ಕಡೆ ಕಾನಿನ (ದಟ್ಟ ಕಾಡಿನ) ಗಡಿಯೂ ಸೊಪ್ಪಿನಬೆಟ್ಟದ ಗಡಿಯೂ ದಾಖಲೆಗಳಲ್ಲಿ ಅಡ್ಡಹಾಯುವುದುಂಟು, ಮತ್ತು ಆ ಅಡ್ಡಹಾಯುವ ಜಾಗವೇ ನಕ್ಷೆಯ ಮುಖ್ಯ ವಿಷಯವಾಗಿರುತ್ತದೆ. ಒಂದನ್ನು ಹಿಂದೆ ಕಳುಹಿಸಿದರೆ ಅದು ಸೋತಂತೆ ಕಾಣುತ್ತದೆ. ನಕ್ಷೆ ನೋಡಿದವರು ಮೇಲಿನ ಬಣ್ಣದ ಹಕ್ಕೇ ದೊಡ್ಡದೆಂದು ಭಾವಿಸುತ್ತಾರೆ. ಇಂಥಲ್ಲಿ ಎರಡೂ ಬಣ್ಣಗಳು ಸಮಾನವಾಗಿ ಬೆರೆತು ಕಾಣಬೇಕು, ಅದಕ್ಕೆ ನಿಜವಾದ ಪಾರದರ್ಶಕತೆಯೇ ಬೇಕು.

ಸಾಗರದ ಸರ್ವೇಯರ್

ನಾನು ಇದನ್ನು ಒಪ್ಪುವುದಿಲ್ಲ. ಹಳದಿಯೂ ನೀಲಿಯೂ ಬೆರೆತು ಹಸಿರಿನಂತೆ ಕಂಡರೆ ಓದುಗರು ಸೂಚಿಪಟ್ಟಿಯಲ್ಲಿ ಹಸಿರನ್ನು ಹುಡುಕುತ್ತಾರೆ, ಅದು ಅಲ್ಲಿ ಇರುವುದಿಲ್ಲ. ಅದಲ್ಲದೆ ಪಾರದರ್ಶಕ ಬಣ್ಣಗಳ ಬೆರಕೆಯಲ್ಲಿಯೂ ಮೇಲಿನದಕ್ಕೇ ಹೆಚ್ಚು ತೂಕ ಬರುತ್ತದೆ. ಕ್ರಮ ಬದಲಿಸಿದರೆ ಬೆರಕೆಯ ಬಣ್ಣವೂ ಬದಲಾಗುತ್ತದೆ. ಆದ್ದರಿಂದ ಸಮಾನತೆ ಎಂಬುದು ಅಲ್ಲಿಯೂ ಇಲ್ಲ. ಒಂದಕ್ಕೆ ಎಡಕ್ಕೆ ವಾಲಿದ ಗೆರೆಗಳು, ಇನ್ನೊಂದಕ್ಕೆ ಬಲಕ್ಕೆ ವಾಲಿದ ಗೆರೆಗಳು ಇದ್ದರೆ ಅಡ್ಡಹಾಯುವ ಜಾಗದಲ್ಲಿ ತಾನಾಗಿಯೇ ಜಾಲರಿ ಮೂಡುತ್ತದೆ. ಓರೆ ಗೆರೆಗಳ ಎಎನ್‌ಎಸ್‌ಐ31 ಮಾದರಿಯನ್ನು ಒಮ್ಮೆ 0 ಕೋನದಲ್ಲಿ, ಇನ್ನೊಮ್ಮೆ 90 ಕೋನದಲ್ಲಿ ಬಳಸಿದರೆ ಸಾಕು. ಗೆರೆಗಳ ನಡುವಿನ ಜಾಗ ಖಾಲಿ ಇರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ, ಜೆರಾಕ್ಸ್‌ನಲ್ಲಿಯೂ ಉಳಿಯುತ್ತದೆ.

ಸೊರಬದ ಕಾನು

ಬೆರಕೆಯ ಬಣ್ಣದ ಬಗ್ಗೆ ನೀವು ಹೇಳಿದ್ದು ನಿಜ. ಆದರೆ ದಟ್ಟವಾದ ಕಾಂಟೂರ್‌ಗಳಿರುವ ಗುಡ್ಡದಲ್ಲಿ ಓರೆ ಗೆರೆಗಳನ್ನೂ ಸೇರಿಸಿದರೆ ಯಾವುದು ಕಾಂಟೂರ್, ಯಾವುದು ಹ್ಯಾಚ್ ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಬಯಲುಸೀಮೆಯ ನಕ್ಷೆಗೆ ಒಪ್ಪುವ ಉಪಾಯ ಮಲೆನಾಡಿನ ನಕ್ಷೆಗೆ ಒಪ್ಪದಿರಬಹುದು. ಅಡ್ಡಹಾಯುವ ಜಾಗಕ್ಕೆ ಬೇರೆಯೇ ಗಡಿ ಎಳೆದು, ಮೂರನೆಯ ಬಣ್ಣ ಕೊಟ್ಟು, ಅದನ್ನು ಸೂಚಿಪಟ್ಟಿಗೂ ಸೇರಿಸುವುದು ಹೆಚ್ಚು ನ್ಯಾಯವಾದ ದಾರಿ ಎಂದು ಈಗ ಅನ್ನಿಸುತ್ತಿದೆ.

ನಿವೃತ್ತ ಟ್ರೇಸರ್

ಟ್ರೇಸಿಂಗ್ ಹಾಳೆಯ ಕಾಲದಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ಆಗ ಬಣ್ಣದ ಪೆನ್ಸಿಲನ್ನು ಹಾಳೆಯ ಹಿಂಬದಿಯಲ್ಲಿ ಹಚ್ಚುತ್ತಿದ್ದೆವು. ಮುಂಬದಿಯ ಶಾಯಿಯ ರೇಖೆ ಕೆಡುತ್ತಿರಲಿಲ್ಲ, ಬಣ್ಣ ತಪ್ಪಿದರೆ ಹಿಂದಿನಿಂದ ಅಳಿಸಬಹುದಾಗಿತ್ತು. ಶಿಕಾರಿಪುರದವರು ಹೇಳಿದ ಕ್ರಮ ಅದಕ್ಕೆ ಹತ್ತಿರವಾಗಿದೆ ಎಂಬುದರಿಂದ ನನ್ನ ಒಲವು ಅದರ ಕಡೆಗಿದೆ.

ಕ್ಯೂಜಿಐಎಸ್ ಬಳಕೆದಾರ, ರಿಪ್ಪನ್‌ಪೇಟೆ

ತೋಟ, ಬೆಟ್ಟ, ಕೆರೆಗಳ ನಕ್ಷೆಗೆ ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶ ಕೂಡ ಒಳ್ಳೆಯ ಸಾಧನ. ಅಲ್ಲಿಯೂ ಇದೇ ಎಚ್ಚರ ಬೇಕು: ಇಡೀ ಪದರಕ್ಕೆ ಪಾರದರ್ಶಕತೆ ಕೊಟ್ಟರೆ ಪಿಡಿಎಫ್‌ನಲ್ಲಿ ಆ ಪದರ ಚಿತ್ರವಾಗಿ ಮಾರ್ಪಡಬಹುದು. ತುಂಬುವ ಬಣ್ಣಕ್ಕೆ ಮಾತ್ರ ಪಾರದರ್ಶಕತೆ ಕೊಟ್ಟರೆ ಅದು ವೆಕ್ಟರ್ (ಚುಕ್ಕೆಗಳಲ್ಲದ, ರೇಖೆಗಳ ರೂಪ) ಆಗಿಯೇ ಉಳಿಯುತ್ತದೆ.

ತೀರ್ಥಹಳ್ಳಿ ನಕ್ಷೆಗಾರ

ಎಲ್ಲರ ಸಲಹೆಗಳನ್ನೂ ಪ್ರಯೋಗಿಸಿ ನೋಡುತ್ತಿದ್ದೇನೆ. ಎರಡು ವಿಷಯಗಳು ಉಳಿದಿವೆ. ಪ್ಲಾಟ್ ಟ್ರಾನ್ಸ್‌ಪರೆನ್ಸಿಗೆ ಗುರುತು ಹಾಕಿದ ಮೇಲೂ ಕೆರೆಯ ನೀಲಿ ಮಾತ್ರ ಗಟ್ಟಿಯಾಗಿಯೇ ಬರುತ್ತದೆ, ಆದರೆ ಅದರ ಲೇಯರ್‌ನಲ್ಲಿ 60 ಎಂದೇ ಇದೆ. ಇನ್ನು ಎರಡನೆಯ ಹಾಳೆಯಲ್ಲಿ ಡ್ರೋನ್ ಛಾಯಾಚಿತ್ರದ ಮೇಲೆ ಬಣ್ಣ ಬರಬೇಕು. ಹ್ಯಾಚನ್ನು ಹಿಂದಕ್ಕೆ ಕಳುಹಿಸಿದರೆ ಅದು ಛಾಯಾಚಿತ್ರದ ಕೆಳಗೆ ಮರೆಯಾಗುತ್ತದೆ.

ಶಿವಮೊಗ್ಗ ಕ್ಯಾಡ್ ಬೋಧಕ

ಕೆರೆಯ ಹ್ಯಾಚನ್ನು ಆರಿಸಿ ಪ್ರಾಪರ್ಟೀಸ್ ಫಲಕದಲ್ಲಿ ಟ್ರಾನ್ಸ್‌ಪರೆನ್ಸಿಯ ಮೌಲ್ಯ ನೋಡಿರಿ. ಅಲ್ಲಿ "ಬೈಲೇಯರ್" (ಲೇಯರ್‌ನಲ್ಲಿರುವಂತೆ) ಎಂಬುದರ ಬದಲು 0 ಎಂದಿದ್ದರೆ ಲೇಯರ್‌ನ 60 ಅದಕ್ಕೆ ತಗುಲುವುದಿಲ್ಲ. ಹ್ಯಾಚ್ ರಚಿಸುವಾಗ ಎಚ್‌ಪಿಟ್ರಾನ್ಸ್‌ಪರೆನ್ಸಿ ಚರದಲ್ಲಿದ್ದ ಮೌಲ್ಯ ಹಾಗೆಯೇ ಅಂಟಿಕೊಂಡಿರುತ್ತದೆ. ಅಲ್ಲಿ ಸರಿಯಿದ್ದರೆ ವ್ಯೂಪೋರ್ಟ್‌ನೊಳಗೆ (ಹಾಳೆಯಲ್ಲಿ ನಕ್ಷೆ ಕಾಣುವ ಚೌಕಟ್ಟಿನೊಳಗೆ) ಹೋಗಿ ಲೇಯರ್ ಪಟ್ಟಿಯ ವಿಪಿ ಟ್ರಾನ್ಸ್‌ಪರೆನ್ಸಿ ಕಾಲಂ ಪರೀಕ್ಷಿಸಿರಿ, ಏಕೆಂದರೆ ಪ್ರತಿ ವ್ಯೂಪೋರ್ಟ್‌ಗೂ ಬೇರೆ ಮೌಲ್ಯ ಇರಬಹುದು.

ಶಿಕಾರಿಪುರ ಸಿವಿಲ್

ಛಾಯಾಚಿತ್ರದ ಹಾಳೆಗೆ ನನ್ನ ಉಪಾಯ ಸಾಲದು ಎಂಬುದನ್ನು ಒಪ್ಪುತ್ತೇನೆ. ಅಲ್ಲಿ ಪಾರದರ್ಶಕತೆಯೇ ಸರಿ. ಹೇಗಿದ್ದರೂ ಹಾಳೆಯ ಬಹುಭಾಗ ಈಗಾಗಲೇ ಚುಕ್ಕೆಗಳ ಚಿತ್ರವೇ ಆಗಿರುವುದರಿಂದ ಕಳೆದುಕೊಳ್ಳುವುದು ಹೆಚ್ಚಿಲ್ಲ. ಜೊತೆಗೆ ಇಮೇಜ್‌ಅಡ್ಜಸ್ಟ್ ಆಜ್ಞೆಯಲ್ಲಿ ಫೇಡ್ ಮೌಲ್ಯವನ್ನು ಸ್ವಲ್ಪ ಏರಿಸಿ ಛಾಯಾಚಿತ್ರವನ್ನು ಮಂಕುಗೊಳಿಸಿರಿ. ಅಡಿಕೆ ಮರಗಳ ತಲೆಗಳು ಡ್ರೋನ್ ಚಿತ್ರದಲ್ಲಿ ಬಹಳ ಕಪ್ಪಾಗಿ ಬರುತ್ತವೆ, ಅವುಗಳ ಮೇಲೆ ಯಾವ ಪಾರದರ್ಶಕ ಹಸಿರೂ ಕಾಣುವುದಿಲ್ಲ.

ತೀರ್ಥಹಳ್ಳಿ ನಕ್ಷೆಗಾರ

ಕೆರೆಯ ಹ್ಯಾಚ್‌ನಲ್ಲಿ 0 ಎಂದೇ ಇತ್ತು. ಬೈಲೇಯರ್ ಮಾಡಿದ ಕೂಡಲೇ ಕಾಂಟೂರ್‌ಗಳು ನೀಲಿಯ ಕೆಳಗಿನಿಂದ ಕಂಡವು. ಈಗ ಹೀಗೆ ನಿರ್ಧರಿಸಿದ್ದೇನೆ. ಬಸಿಗಾಲುವೆಯ ಹಾಳೆ ಎ3ರಲ್ಲಿ, 1:500ರಲ್ಲಿ ಇರುತ್ತದೆ. ಅದರಲ್ಲಿ ಹ್ಯಾಚ್‌ಗಳೆಲ್ಲ ಹಿಂದೆ, ಸ್ಕ್ರೀನಿಂಗ್ 30, ಪಾರದರ್ಶಕತೆ ಇಲ್ಲ, ತೋಟದ ಗಡಿ ದಪ್ಪ ಗೆರೆಯಲ್ಲಿ. ಹ್ಯಾಚ್‌ಗಳ ಬಣ್ಣಗಳನ್ನು ಟ್ರೂ ಕಲರ್‌ನಿಂದ ಸೂಚ್ಯಂಕದ ಬಣ್ಣಗಳಿಗೆ ಬದಲಿಸಿದ್ದೇನೆ. ಡ್ರೋನ್ ಹಾಳೆಗೆ ಬೇರೆ ಪೇಜ್ ಸೆಟಪ್ ಮಾಡಿ ಅದರಲ್ಲಿ ಮಾತ್ರ ಪ್ಲಾಟ್ ಟ್ರಾನ್ಸ್‌ಪರೆನ್ಸಿಗೆ ಗುರುತು ಹಾಕಿದ್ದೇನೆ. ಈ ಎರಡು ಸೆಟಪ್‌ಗಳನ್ನು ಮುಂದಿನ ತೋಟದ ನಕ್ಷೆಗೂ ತರಬಹುದೇ?

ಭದ್ರಾವತಿ ಡ್ರಾಫ್ಟ್ಸ್‌ಮನ್

ತರಬಹುದು. ಹೊಸ ನಕ್ಷೆಯನ್ನು ತೆರೆದು ಪಿಸೆಟಪ್‌ಇನ್ ಆಜ್ಞೆ ಕೊಟ್ಟು ಈ ಕಡತವನ್ನು ತೋರಿಸಿದರೆ ಹೆಸರಿಟ್ಟ ಸೆಟಪ್‌ಗಳು ಬರುತ್ತವೆ. ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್ ಚರವನ್ನು ನನ್ನ ಮಾತಿನಂತೆ 2 ಮಾಡಿದ್ದರೆ ಈಗ ಮತ್ತೆ 1ಕ್ಕೆ ತನ್ನಿರಿ, ಇಲ್ಲವಾದರೆ ನಿಮ್ಮ ಎರಡು ಸೆಟಪ್‌ಗಳ ನಡುವೆ ವ್ಯತ್ಯಾಸವೇ ಇರುವುದಿಲ್ಲ.

ಮುದ್ರಣದಂಗಡಿಯವನು

ಸಿಟಿಬಿ ಕಡತವನ್ನೂ ಜೊತೆಗೆ ನಕಲಿಸಿಕೊಳ್ಳಿ. ಪೇಜ್ ಸೆಟಪ್‌ನಲ್ಲಿ ಅದರ ಹೆಸರು ಮಾತ್ರ ಇರುತ್ತದೆ. ಮುದ್ರಿಸುವ ಯಂತ್ರದಲ್ಲಿ ಆ ಕಡತ ಇಲ್ಲದಿದ್ದರೆ ಸ್ಕ್ರೀನಿಂಗ್ ಇಲ್ಲದ ಗಟ್ಟಿ ಹಸಿರೇ ಬರುತ್ತದೆ. ಅಂಗಡಿಗೆ ಡಿಡಬ್ಲ್ಯೂಜಿ (ಆಟೋಕ್ಯಾಡ್‌ನ ಮೂಲ ಕಡತ) ಕೊಡುವ ಬದಲು ನಿಮ್ಮಲ್ಲಿಯೇ ಪಿಡಿಎಫ್ ಮಾಡಿ ಪರೀಕ್ಷಿಸಿ ತರುವುದಾದರೆ ಈ ತೊಂದರೆ ಇರುವುದಿಲ್ಲ.